ಬೇಲಿ, ತುಳಸಿಕಟ್ಟೆ ಮತ್ತು ಎಚ್‌ಒಎ ನೋಟಿಸ್: ಟೆಕ್ಸಾಸ್‌ನಲ್ಲಿ ಈ ದಾರಿ ಹೇಗಿರುತ್ತದೆ

ಗಾಳಿಮಳೆಗೆ ಬಿದ್ದ ಬೇಲಿಯನ್ನು ಹೊಸದಾಗಿ ಹಾಕಿಸಿದ ಸ್ವಲ್ಪ ದಿನಕ್ಕೆ ನಮ್ಮ ಎಚ್‌ಒಎಯಿಂದ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ, ಬಂದ ಪತ್ರದಲ್ಲಿ ಎರಡು ಆಕ್ಷೇಪಗಳಿದ್ದವು. ಬೇಲಿ ಆರಡಿ ಮೀರಿದೆ, ಅದರ ಬಣ್ಣಕ್ಕೂ ಒಪ್ಪಿಗೆ ಪಡೆದಿಲ್ಲ ಎನ್ನುವುದು ಒಂದು. ಮನೆಯ ಮುಂದೆ ರಸ್ತೆಗೆ ಕಾಣುವಂತೆ ಅನುಮತಿಯಿಲ್ಲದ ಅಲಂಕಾರಿಕ ವಸ್ತು ಇಟ್ಟಿದ್ದೀರಿ ಎನ್ನುವುದು ಇನ್ನೊಂದು. ಅಲಂಕಾರಿಕ ವಸ್ತು ಎಂದರೆ ತುಳಸಿಕಟ್ಟೆ. ಈಗ ಎರಡೂ ಮುಗಿದಿವೆ. ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊ, ಪ್ಲೇನೋ, ಮೆಕಿನಿ ಕಡೆ ಮನೆ ತೆಗೆದುಕೊಂಡಿರುವ ನಮ್ಮವರು ಬಹಳ ಮಂದಿ ಇದ್ದಾರೆ. ಇಂಥ ಪತ್ರ ಕೈಗೆ ಬಂದ ದಿನ ಏನು ಮಾಡಬೇಕು ಎಂದು ತಿಳಿದಿದ್ದರೆ ಅರ್ಧ ತಲೆನೋವು ಕಡಿಮೆ ಎಂದು ಇದನ್ನು ಬರೆಯುತ್ತಿದ್ದೇನೆ. ಇದು ಟೆಕ್ಸಾಸ್ ಕಾನೂನಿನ ಲೆಕ್ಕ. ಬೇರೆ ರಾಜ್ಯದವರಿಗೆ ಹಾಗೇ ಅನ್ವಯಿಸುವುದಿಲ್ಲ. ಟೆಕ್ಸಾಸ್‌ನಲ್ಲೇ ಇದ್ದರೂ ನಿಮ್ಮ ಟೌನ್‌ಹೌಸ್ ಕಾಗದದಲ್ಲಿ ಕಾಂಡೊಮಿನಿಯಂ ಎಂದಿದ್ದರೆ ನಿಮ್ಮ ಕಾನೂನು ಬೇರೆ.

ಇಂಥ ಪತ್ರಗಳಿಗೆ ಆಧಾರವಾದ ಡೀಡ್ ರೆಸ್ಟ್ರಿಕ್ಷನ್ ಎನ್ನುವುದು ನಗರಸಭೆಯ ನಿಯಮವಲ್ಲ, ಜಾಗಕ್ಕೇ ಅಂಟಿಕೊಂಡ ಕರಾರು. ಬಿಲ್ಡರ್ ಬಡಾವಣೆ ಮಾಡುವಾಗಲೇ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಿರುತ್ತಾನೆ. ಮನೆ ಕೊಂಡವರು ಓದಲಿ ಬಿಡಲಿ, ಅದು ಅವರನ್ನು ಕಟ್ಟುತ್ತದೆ. ನಗರದ ಪರ್ಮಿಟ್ ಸಿಕ್ಕಿದೆ ಎಂದರೆ ಎಚ್‌ಒಎ ಒಪ್ಪಿತು ಎಂದಲ್ಲ, ಎಚ್‌ಒಎ ಒಪ್ಪಿತು ಎಂದರೆ ಪರ್ಮಿಟ್ ಬೇಡ ಎಂದೂ ಅಲ್ಲ. ಹ್ಯೂಸ್ಟನ್ ಕಥೆ ಸ್ವಲ್ಪ ವಿಚಿತ್ರ. ಅಲ್ಲಿ ಝೋನಿಂಗ್, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಗರದ ನಿಯಮ, ಇಲ್ಲದ್ದರಿಂದ ಕೆಲವು ಡೀಡ್ ರೆಸ್ಟ್ರಿಕ್ಷನ್‌ಗಳನ್ನು ನಗರದ ಕಾನೂನು ವಿಭಾಗವೇ ಜಾರಿ ಮಾಡಿಸುತ್ತದೆ. ನಮ್ಮ ಕಡೆ ಹಾಗಿಲ್ಲ. ಇಲ್ಲಿ ಎಚ್‌ಒಎಯ ಆಡಳಿತ ಮಂಡಳಿಯಾದ ಬೋರ್ಡ್, ಅದು ನೇಮಿಸಿದ ಮ್ಯಾನೇಜ್‌ಮೆಂಟ್ ಕಂಪನಿ, ಮನೆಯ ಹೊರಗಿನ ಬದಲಾವಣೆಗಳಿಗೆ ಒಪ್ಪಿಗೆ ಕೊಡುವ ಎಸಿಸಿ ಸಮಿತಿ, ಈ ಮೂವರೇ.

ಪತ್ರ ಬಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಯಾರು ಕಂಪ್ಲೇಂಟ್ ಕೊಟ್ಟಿದ್ದು?’ ಪಕ್ಕದ ಮನೆಯವರ ಮುಖ ನೋಡುವ ರೀತಿಯೇ ಬದಲಾಗಿಬಿಡುತ್ತದೆ. ಆ ಯೋಚನೆಯನ್ನು ಅಲ್ಲೇ ಬಿಡಿ. ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಕಂಪನಿಯವರೇ ಆಗಾಗ ಕಾರಿನಲ್ಲಿ ಸುತ್ತು ಹೊಡೆದು, ರಸ್ತೆಯಿಂದ ಕಂಡದ್ದನ್ನು ಟ್ಯಾಬ್ಲೆಟ್‌ನಲ್ಲಿ ಫೋಟೊ ತೆಗೆದು ಹಾಕುತ್ತಾರೆ. ಅಕ್ಕಪಕ್ಕದವರು ಪೋರ್ಟಲ್‌ನಲ್ಲಿ ದೂರು ಕೊಟ್ಟಿದ್ದರೂ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮ್ಮ ಕೇಸಿಗೆ ಅದರಿಂದ ಪ್ರಯೋಜನವಿಲ್ಲ.

ಪತ್ರ ಹೇಗೆ ಬಂತು, ಅದನ್ನು ನೋಡಿ

ಮೊದಲು ಬರುವುದು ಸಾದಾ ಅಂಚೆಯಲ್ಲಿ ಅಥವಾ ಇಮೇಲ್‌ನಲ್ಲಿ ಒಂದು ‘ಕರ್ಟಸಿ ನೋಟಿಸ್’. ಇದಕ್ಕೆ ಕಾನೂನಿನ ತೂಕ ಕಡಿಮೆ. ಹಾಗೆಂದು ಮೂಲೆಗೆ ಎಸೆಯಬೇಡಿ. ಸರಿಪಡಿಸುವುದಿದ್ದರೆ ಇದೇ ಅಗ್ಗದ ಹಂತ.

ತೂಕವಿರುವುದು ಸರ್ಟಿಫೈಡ್ ಮೇಲ್‌ನಲ್ಲಿ ಬರುವ ಪತ್ರಕ್ಕೆ. ಟೆಕ್ಸಾಸ್ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯದ ಪ್ರಕಾರ ದಂಡ ಹಾಕುವ ಮೊದಲು, ಈಜುಕೊಳದಂಥ ಸಾಮಾನ್ಯ ಸೌಲಭ್ಯ ಬಳಸದಂತೆ ತಡೆಯುವ ಮೊದಲು, ಕೋರ್ಟಿಗೆ ಹೋಗುವ ಮೊದಲು ಈ ಪತ್ರ ಕಳಿಸಲೇಬೇಕು. ಅದರಲ್ಲಿ ಉಲ್ಲಂಘನೆ ಏನು, ಬಾಕಿ ಹಣ ಇದ್ದರೆ ಎಷ್ಟು, ಯಾವ ತಾರೀಕಿನೊಳಗೆ ಸರಿಪಡಿಸಿದರೆ ದಂಡವಿಲ್ಲ, ಹಿಯರಿಂಗ್ (ಬೋರ್ಡ್ ಮುಂದೆ ನಿಮ್ಮ ಮಾತು ಹೇಳಿಕೊಳ್ಳುವ ವಿಚಾರಣೆ) ಕೇಳುವ ಹಕ್ಕಿದೆ ಎನ್ನುವುದೆಲ್ಲ ಬರೆದಿರಬೇಕು. ಹಿಯರಿಂಗ್ ಕೇಳಲು 30 ದಿನ. ಆ 30 ದಿನ ಶುರುವಾಗುವುದು ಪತ್ರ ನಿಮ್ಮ ಕೈ ಸೇರಿದ ದಿನದಿಂದಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ. ಸರ್ಟಿಫೈಡ್ ಪತ್ರಕ್ಕೆ ಸಹಿ ಹಾಕದೆ ಪೋಸ್ಟ್ ಆಫೀಸಿನಲ್ಲೇ ಬಿಟ್ಟರೆ ಬಚಾವ್ ಎಂದುಕೊಳ್ಳುವವರಿದ್ದಾರೆ. ದಿನಗಳು ಓಡುತ್ತಲೇ ಇರುತ್ತವೆ, ನಿಮಗೆ ಮಾತ್ರ ವಿಷಯ ಗೊತ್ತಿರುವುದಿಲ್ಲ. ರಜೆಗೆಂದು ಊರಿಗೆ ಹೋಗುವವರು ಅಂಚೆ ನೋಡಿಕೊಳ್ಳಲು ಯಾರಿಗಾದರೂ ಹೇಳಿ ಹೋಗಿ.

ಸರಿಪಡಿಸಲು ಅವಕಾಶ ಎಲ್ಲದಕ್ಕೂ ಸಿಗುವುದಿಲ್ಲ. ಹುಲ್ಲು ಬೆಳೆದದ್ದು, ಬೇಲಿ, ಪಾರ್ಕಿಂಗ್, ಸದಾ ಬೊಗಳುವ ನಾಯಿ, ಇವು ಸರಿಪಡಿಸಬಹುದಾದವು. ಪಟಾಕಿ ಹೊಡೆದದ್ದು, ನಿಷೇಧವಿದ್ದರೂ ಗ್ಯಾರೇಜ್ ಸೇಲ್ ಮಾಡಿದ್ದು ಆಗಿಹೋದ ಕೆಲಸ, ಅದಕ್ಕೆ ಅವಕಾಶದ ಮಾತಿಲ್ಲ. ಇನ್ನೊಂದು ಗಮನಿಸಿ. ಒಂದೇ ಬಗೆಯ ತಪ್ಪಿಗೆ ಕಳೆದ ಆರು ತಿಂಗಳಲ್ಲಿ ಒಮ್ಮೆ ನೋಟಿಸ್ ಕೊಟ್ಟು ಅವಕಾಶ ಕೊಟ್ಟಿದ್ದರೆ ಎರಡನೇ ಸಲ ಆ ಅವಕಾಶ ಕೊಡಬೇಕಿಲ್ಲ. ಕಸದ ಡಬ್ಬಿಯನ್ನು ರಸ್ತೆಗೆ ಕಾಣುವಂತೆ ಬಿಡುವವರು ಸಿಕ್ಕಿಬೀಳುವುದು ಇಲ್ಲೇ.

ದಂಡ ಎಷ್ಟು ಎಂದು ರಾಜ್ಯದ ಕಾನೂನು ಮಿತಿ ಹಾಕಿಲ್ಲ. ಆದರೆ 2024ರ ಜನವರಿಯಿಂದ ದಂಡ ಹಾಕುವ ಅಧಿಕಾರವಿರುವ ಪ್ರತಿ ಸಂಘವೂ ಯಾವ ಬಗೆಯ ಉಲ್ಲಂಘನೆಗೆ ಎಷ್ಟು ದಂಡ ಎಂಬ ಪಟ್ಟಿಯನ್ನು ಲಿಖಿತ ನೀತಿಯಾಗಿ ಇಟ್ಟುಕೊಂಡು ಮನೆಯವರಿಗೆ ತಲುಪಿಸಬೇಕು. ನಿಮ್ಮ ಪತ್ರದಲ್ಲಿರುವ ಮೊತ್ತ ಆ ಪಟ್ಟಿಯಲ್ಲಿ ಇದೆಯೇ ನೋಡಿ.

ಕಾಗದ ಹುಡುಕುವ ಕೆಲಸ

ಪತ್ರದಲ್ಲಿ ‘ಡಿಸೈನ್ ಗೈಡ್‌ಲೈನ್ಸ್ ಪ್ರಕಾರ ಬೇಲಿ ಆರಡಿ’ ಎಂದಿತ್ತು. ಹೊಸ ಬೇಲಿಯನ್ನು ಟೇಪ್ ಹಿಡಿದು ಅಳೆದರೆ ನೆಲದಿಂದ 79 ಇಂಚು. ಏಳು ಇಂಚು ಎಲ್ಲಿಂದ ಹೆಚ್ಚಾಯಿತು? ಸೀಡರ್ ಪಟ್ಟಿ ಆರಡಿಯದೇ, 72 ಇಂಚು. ಅದರ ಕೆಳಗೆ ಮರ ಮಣ್ಣಿಗೆ ತಾಗಿ ಕೊಳೆಯದಿರಲಿ ಎಂದು ಅಡ್ಡಲಾಗಿ ಒಂದು ಹಲಗೆ ಕೊಡುತ್ತಾರೆ, ಅದಕ್ಕೆ ರಾಟ್ ಬೋರ್ಡ್ ಎನ್ನುತ್ತಾರೆ. ಟು ಬೈ ಸಿಕ್ಸ್ ಎಂದು ಮಾರಿದರೂ ಆ ಹಲಗೆಯ ನಿಜವಾದ ಅಗಲ ಐದೂವರೆ ಇಂಚು. ಮೇಲೆ ಮುಚ್ಚಳದ ಹಾಗೆ ಮಲಗಿಸುವ ಕ್ಯಾಪ್ ಇನ್ನೂ ಒಂದೂವರೆ ಇಂಚು. ಬೇಲಿ ಹಾಕುವವರು ‘ಸಿಕ್ಸ್ ಫುಟ್ ಫೆನ್ಸ್’ ಎಂದು ಕೊಟೇಶನ್ ಬರೆಯುವುದು ಪಟ್ಟಿಯ ಲೆಕ್ಕದಲ್ಲಿ, ಎಚ್‌ಒಎ ಅಳೆಯುವುದು ನೆಲದಿಂದ ತುದಿಯವರೆಗೆ. ಬೇಲಿ ಹಾಕಿಸುವವರು ಕೊಟೇಶನ್‌ನಲ್ಲೇ ‘ರಾಟ್ ಬೋರ್ಡ್, ಕ್ಯಾಪ್ ಸೇರಿ ಒಟ್ಟು ಎತ್ತರ ಇಷ್ಟು’ ಎಂದು ಬರೆಸಿಕೊಳ್ಳಿ. ಗುಂಡಿ ತೋಡುವ ಮೊದಲು, ನೆಲದಡಿಯ ಕೊಳವೆ, ತಂತಿಗಳನ್ನು ಗುರುತು ಮಾಡಿಸಲು 811ಕ್ಕೆ ಫೋನ್ ಮಾಡಿಸುವುದನ್ನೂ ಮರೆಯಬೇಡಿ.

ಎಚ್‌ಒಎ ವೆಬ್‌ಸೈಟ್‌ನಲ್ಲಿ ಸಿಗುವ ಗೈಡ್‌ಲೈನ್ಸ್ ಮಾತ್ರ ನೋಡಿ ಸುಮ್ಮನಾಗಬಾರದು. ಸಂಘ ಜಾರಿ ಮಾಡುವ ಕಾಗದ ಯಾವುದೇ ಆಗಿರಲಿ, ಕೌಂಟಿ ದಾಖಲೆಯಲ್ಲಿ ನೋಂದಣಿ ಆಗುವವರೆಗೆ ಅದಕ್ಕೆ ಬೆಲೆಯಿಲ್ಲ ಎಂದು ಪ್ರಾಪರ್ಟಿ ಕೋಡ್‌ನ 202.006 ಹೇಳುತ್ತದೆ. ಕೌಂಟಿ ಕ್ಲರ್ಕ್ ವೆಬ್‌ಸೈಟ್‌ನಲ್ಲಿ ಬಡಾವಣೆಯ ಹೆಸರಿನಿಂದಲೂ ಸಂಘದ ಹೆಸರಿನಿಂದಲೂ ಬೇರೆ ಬೇರೆಯಾಗಿ ಹುಡುಕಿ. ಸಾದಾ ಪ್ರತಿಗೆ ಪುಟಕ್ಕೆ ಒಂದು ಡಾಲರ್. ಹಾಗೆ ಹುಡುಕಿದಾಗ ಸಿಕ್ಕಿದ್ದು ತಿದ್ದುಪಡಿಯಾದ ಗೈಡ್‌ಲೈನ್ಸ್. ಅದರಲ್ಲಿ ಆರಡಿಯ ಮೇಲೆ ಆರು ಇಂಚಿನವರೆಗೆ ರಾಟ್ ಬೋರ್ಡ್‌ಗೆ ಅವಕಾಶ ಇತ್ತು. ಪತ್ರ ಬರೆದವರು ಹಳೆಯ ಪ್ರತಿಯನ್ನು ಇಟ್ಟುಕೊಂಡಿದ್ದರು. ಅಂದರೆ ಬೇಲಿಯಲ್ಲಿ ತಗಾದೆ ಉಳಿದದ್ದು ಕ್ಯಾಪ್ ಮತ್ತು ಬಣ್ಣದ್ದು ಮಾತ್ರ.

ಮ್ಯಾನೇಜ್‌ಮೆಂಟ್ ಕಂಪನಿ ಯಾವುದು, ಪತ್ರ ಎಲ್ಲಿಗೆ ಕಳಿಸಬೇಕು ಎಂಬ ಗೊಂದಲವಿದ್ದರೆ hoa.texas.gov ಎಂಬ ಸರ್ಕಾರಿ ತಾಣವಿದೆ. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ ನಡೆಸುವ ಆ ತಾಣದಲ್ಲಿ ಪ್ರತಿ ಸಂಘದ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಸಿಗುತ್ತದೆ. ಅದರಲ್ಲಿರುವ ವಿಳಾಸಕ್ಕೇ ಕಳಿಸಿ. ಸಂಘದ ಕಡತ ನೋಡಬೇಕಿದ್ದರೂ ಅದೇ ವಿಳಾಸಕ್ಕೆ ಸರ್ಟಿಫೈಡ್ ಮೇಲ್‌ನಲ್ಲಿ ಬರೆದು ಕೇಳಬೇಕು. ಉತ್ತರ ಕೊಡಲು ಅವರಿಗೆ ಹತ್ತು ಕೆಲಸದ ದಿನ.

ಎರಡು ದಾರಿ, ಒಂದಕ್ಕೊಂದು ಕಾಯುವುದಿಲ್ಲ

ಬಹಳ ಜನ ಎಡವುವುದು ಇಲ್ಲಿ. ನೋಟಿಸ್ ಬಂದಾಗ ಫೋನ್ ಮಾಡಿದರೆ ಮ್ಯಾನೇಜರ್ ಹೇಳುವುದು, ‘ಎಸಿಸಿಗೆ ಅರ್ಜಿ ಹಾಕಿ, ನೋಡೋಣ.’ ಅರ್ಜಿ ಹಾಕಿ ನೆಮ್ಮದಿಯಾಗಿ ಕೂತರೆ ಹಿಯರಿಂಗ್ ಕೇಳುವ 30 ದಿನ ಕಳೆದೇ ಹೋಗುತ್ತದೆ. ಎಸಿಸಿ ಅರ್ಜಿ ಹಾಕಿದ್ದರಿಂದ ನೋಟಿಸಿನ ಗಡುವು ನಿಲ್ಲುತ್ತದೆ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದಲ್ಲಿ ಸೆಕ್ರೆಟರಿ ಹತ್ತಿರ ಮಾತಾಡಿ ಬಗೆಹರಿಸಿಕೊಂಡು ಅಭ್ಯಾಸವಾದವರಿಗೆ ಇದು ಒರಟು ಎನಿಸುತ್ತದೆ. ಏನೇ ಮಾತಾಡಿದರೂ ಅದೇ ದಿನ ‘ಇಂದು ಫೋನಿನಲ್ಲಿ ನೀವು ಹೇಳಿದ್ದು ಇದು’ ಎಂದು ಇಮೇಲ್ ಹಾಕಿ.

ಆದ್ದರಿಂದ ಎರಡನ್ನೂ ಒಟ್ಟಿಗೇ ಮಾಡಿ. ಒಂದು ಕಡೆ ಹಿಯರಿಂಗ್ ಬೇಕೆಂದು ಪತ್ರ. ನಾಲ್ಕು ಸಾಲು ಸಾಕು: ವಿಳಾಸ, ನೋಟಿಸಿನ ತಾರೀಕು ಮತ್ತು ನಂಬರ್, 209.007ರ ಅಡಿಯಲ್ಲಿ ಹಿಯರಿಂಗ್ ಕೇಳುತ್ತಿದ್ದೇನೆ ಎಂಬ ಮಾತು, ಸಹಿ. ವಾದವನ್ನೆಲ್ಲ ಅದರಲ್ಲೇ ತುಂಬಬೇಡಿ. ಸರ್ಟಿಫೈಡ್ ಮೇಲ್ ಜೊತೆಗೆ ಸಹಿಯಾಗಿ ವಾಪಸ್ ಬರುವ ಹಸಿರು ಕಾರ್ಡ್ ಸೇರಿ ಖರ್ಚು ಸುಮಾರು ಹತ್ತು ಡಾಲರ್. ಇಮೇಲ್‌ನಲ್ಲೂ ಒಂದು ಪ್ರತಿ ಹಾಕಿ.

ಇನ್ನೊಂದು ಕಡೆ ಎಸಿಸಿ ಅರ್ಜಿ. ಇದಕ್ಕೆ ಮನೆ ಕೊಂಡಾಗ ಕ್ಲೋಸಿಂಗ್ (ಖರೀದಿ ಅಂತಿಮಗೊಳಿಸುವ) ಕಡತದಲ್ಲಿ ಬಂದ, ಜಾಗದ ಅಳತೆಯ ನಕ್ಷೆಯಿರುವ ಸರ್ವೇ ಹಾಳೆ ಬೇಕು. ಹೊಸದಾಗಿ ಸರ್ವೇ ಮಾಡಿಸಲು ಕೆಲವು ನೂರು ಡಾಲರ್ ಬೀಳುತ್ತದೆ, ಮೊದಲು ಕಡತ ಹುಡುಕಿ. ಆ ಹಾಳೆಯ ಮೇಲೆ ಬದಲಾವಣೆ ಆಗಿರುವ ಜಾಗವನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಎತ್ತರ, ಉದ್ದ, ಮರದ ಜಾತಿ, ಬಣ್ಣದ ಕಂಪನಿ ಹೆಸರು ಮತ್ತು ಬಣ್ಣದ ಹೆಸರು ಬರೆದು, ಒಂದು ಹಲಗೆಗೆ ಆ ಬಣ್ಣ ಹಚ್ಚಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಸೇರಿಸಿ. ಅಂಗಡಿಯ ಬಣ್ಣದ ಚೀಟಿಯ ಫೋಟೊ ಹಾಕಿದರೆ ‘ವಿವರ ಸಾಲದು’ ಎಂದು ವಾಪಸ್ ಬರುವುದು ಗ್ಯಾರಂಟಿ. ಸೀಡರ್ ಮೇಲೆ ಅದೇ ಬಣ್ಣ ಬೇರೆಯೇ ಕಾಣುತ್ತದೆ.

ಅರ್ಜಿ ತಿರಸ್ಕಾರವಾದರೆ ಅದಕ್ಕೂ ಪ್ರತ್ಯೇಕ ಮೇಲ್ಮನವಿ ಇದೆ. 2021ರ ತಿದ್ದುಪಡಿಯ ನಂತರ ತಿರಸ್ಕಾರ ಲಿಖಿತವಾಗಿರಬೇಕು. ಕಾರಣ ಏನು, ಏನು ಬದಲಿಸಿದರೆ ಒಪ್ಪುತ್ತಾರೆ ಎಂದು ಹೇಳಬೇಕು. ಬೋರ್ಡ್ ಮುಂದೆ ಹಿಯರಿಂಗ್ ಕೇಳಲು ಮತ್ತೆ 30 ದಿನ. ನಲವತ್ತಕ್ಕಿಂತ ಹೆಚ್ಚು ಮನೆಗಳಿರುವ ಸಂಘಗಳಲ್ಲಿ ಬೋರ್ಡ್ ಸದಸ್ಯರಾಗಲಿ ಅವರ ಗಂಡ ಹೆಂಡತಿಯಾಗಲಿ ಎಸಿಸಿಯಲ್ಲಿ ಕೂರುವಂತಿಲ್ಲ. ಬಿಲ್ಡರ್ ಇನ್ನೂ ಮನೆ ಕಟ್ಟುತ್ತಿರುವ ಹೊಸ ಬಡಾವಣೆಗೆ ಮಾತ್ರ ಈ ನಿಯಮ ಇಲ್ಲ.

ತುಳಸಿಕಟ್ಟೆಯ ಲೆಕ್ಕಾಚಾರ

ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಎರಡು ತುದಿಗೆ ಹೋಗುತ್ತಾರೆ. ಒಂದು ಗುಂಪು ಪತ್ರ ನೋಡಿ ಹೆದರಿ ತುಳಸಿಯನ್ನು ಹಿತ್ತಲಿಗೆ ಒಯ್ಯುತ್ತದೆ. ಇನ್ನೊಂದು ಗುಂಪು ‘ಧರ್ಮದ ವಿಷಯ, ಯಾರೂ ಮುಟ್ಟುವಂತಿಲ್ಲ’ ಎಂದು ಜಗಳಕ್ಕೆ ನಿಲ್ಲುತ್ತದೆ. ಕಾನೂನು ಇವೆರಡರ ನಡುವೆ ಇದೆ.

ಪ್ರಾಪರ್ಟಿ ಕೋಡ್‌ನ 202.018 ಪ್ರಕಾರ ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಇಟ್ಟ ವಸ್ತುವನ್ನು ಸಂಘ ನಿಷೇಧಿಸುವಂತಿಲ್ಲ. 2011ರಲ್ಲಿ ಈ ಕಾನೂನು ಬಂದಾಗ ಮುಂಬಾಗಿಲು ಮತ್ತು ಅದರ ಚೌಕಟ್ಟಿಗೆ, ಅದೂ ಒಟ್ಟು 25 ಚದರ ಇಂಚಿಗೆ ಸೀಮಿತವಾಗಿತ್ತು. ತೋರಣ ಕಟ್ಟಿದರೇ ಮಿತಿ ದಾಟುತ್ತಿತ್ತು. 2021ರಲ್ಲಿ ತಿದ್ದುಪಡಿಯಾಗಿ ಮನೆ ಮತ್ತು ಜಾಗ ಎರಡಕ್ಕೂ ವಿಸ್ತರಿಸಿತು, ಅಳತೆಯ ಮಿತಿಯೂ ಹೋಯಿತು. ವಿನಾಯಿತಿಗಳು ಉಳಿದಿವೆ: ಜನರ ಆರೋಗ್ಯಕ್ಕೆ, ಸುರಕ್ಷತೆಗೆ ಅಪಾಯ ಇರಬಾರದು, ಸಂಘದ ಸಾಮಾನ್ಯ ಜಾಗದಲ್ಲಿ ಇರಬಾರದು, ಬಿಲ್ಡಿಂಗ್ ಲೈನ್ (ಕಟ್ಟಡ ದಾಟಬಾರದ ಗೆರೆ), ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಅಂತರ), ರಸ್ತೆಗೆಂದು ಬಿಟ್ಟ ಜಾಗ, ಈಸ್‌ಮೆಂಟ್ (ನಿಮ್ಮ ಜಾಗದಲ್ಲೇ ಬೇರೆಯವರಿಗೆ ಬಳಸುವ ಹಕ್ಕಿರುವ ಭಾಗ) ಇವನ್ನು ಮೀರಬಾರದು.

ಕೊನೆಯದರಲ್ಲೇ ಎಲ್ಲವೂ ಇದೆ. ಸರ್ವೇ ಹಾಳೆಯನ್ನು ಮತ್ತೆ ತೆಗೆಯಿರಿ. ಮನೆಯ ಮುಂಭಾಗದಲ್ಲಿ ಚುಕ್ಕೆ ಗೆರೆಗಳ ಪಕ್ಕ ‘ಯು.ಇ.’ ಎಂದಿದ್ದರೆ ಅದು ವಿದ್ಯುತ್, ನೀರು, ಕೇಬಲ್ ಹಾದುಹೋಗುವ ಯುಟಿಲಿಟಿ ಈಸ್‌ಮೆಂಟ್. ‘ಬಿ.ಎಲ್.’ ಎಂದಿದ್ದರೆ ಬಿಲ್ಡಿಂಗ್ ಲೈನ್. ಇವುಗಳ ಅಡಿ ಲೆಕ್ಕ ಶುರುವಾಗುವುದು ರಸ್ತೆಯ ಅಂಚಿನ ಕಾಂಕ್ರೀಟಿನಿಂದಲ್ಲ, ನಿಮ್ಮ ಜಾಗದ ಗಡಿಯಿಂದ. ಆ ಗಡಿ ಸಾಮಾನ್ಯವಾಗಿ ಫುಟ್‌ಪಾತಿಗಿಂತಲೂ ಒಳಗೆ ಇರುತ್ತದೆ. ಮೂಲೆಗಳಲ್ಲಿ ಸರ್ವೇಯವರು ಹೊಡೆದ ಕಬ್ಬಿಣದ ಸರಳು ಹುಲ್ಲಿನ ಕೆಳಗೆ ಸಿಗುತ್ತದೆ. ಎರಡು ಸರಳುಗಳ ನಡುವೆ ದಾರ ಕಟ್ಟಿ ಅಲ್ಲಿಂದ ಟೇಪ್ ಹಿಡಿದರೆ ಅನುಮಾನವೇ ಉಳಿಯುವುದಿಲ್ಲ. ಆ ಕಾಂಕ್ರೀಟ್ ಅಂಚಿನಿಂದ ಅಳೆದವರು ‘ಈಸ್‌ಮೆಂಟ್ ದಾಟಿ ಒಳಗಿದೆ’ ಎಂದುಕೊಂಡಿರುತ್ತಾರೆ, ಕಟ್ಟೆ ಈಸ್‌ಮೆಂಟಿನ ನಡುವೆಯೇ ಕೂತಿರುತ್ತದೆ.

ಬಿಲ್ಡಿಂಗ್ ಲೈನಿನ ಮುಂದೆ ಇಟ್ಟ ಕುಂಡ ‘ಕಟ್ಟಡ’ವೇ ಎನ್ನುವುದು ವಾದಕ್ಕೆ ಬಿಟ್ಟ ವಿಷಯ. ನಿಮ್ಮ ಬಡಾವಣೆಯ ಡೀಡ್ ರೆಸ್ಟ್ರಿಕ್ಷನ್‌ಗಳಿರುವ ಮೂಲ ದಾಖಲೆಯಾದ ಡಿಕ್ಲರೇಶನ್‌ನಲ್ಲಿ ‘ಸ್ಟ್ರಕ್ಚರ್’ ಪದಕ್ಕೆ ಕೊಟ್ಟ ವ್ಯಾಖ್ಯೆ ಓದಿ. ಗೆಲ್ಲಬಹುದಾದ ವಾದ ಎಂದೇ ನನ್ನ ಅಭಿಪ್ರಾಯ. ಆದರೂ ವಾದ ಮಾಡುವುದಕ್ಕಿಂತ ಕಟ್ಟೆಯನ್ನು ಪೋರ್ಚಿನ ಮೆಟ್ಟಿಲ ಪಕ್ಕ, ಗೆರೆಯ ಒಳಗೆ ಸರಿಸುವುದು ಸುಲಭ. ನಾವು ಹಾಗೇ ಮಾಡಿದೆವು. ಸಿಮೆಂಟು ಹಾಕಿ ನೆಲಕ್ಕೆ ಕೂರಿಸದೆ, ಎತ್ತಿಡಬಹುದಾದ ಕಟ್ಟೆಯ ಮೇಲೆ ಕುಂಡ ಇಟ್ಟರೆ ಇನ್ನೂ ಒಳ್ಳೆಯದು. ಇಲ್ಲಿನ ಚಳಿಗೆ ತುಳಸಿ ಉಳಿಯುವುದಿಲ್ಲ, ಹೇಗಿದ್ದರೂ ಚಳಿಗಾಲದಲ್ಲಿ ಕುಂಡ ಒಳಗೆ ಬರಲೇಬೇಕು. ಉತ್ತರ ಬರೆಯುವಾಗ ‘ಯಾರ್ಡ್ ಆರ್ನಮೆಂಟ್’ ಎಂಬ ಅವರ ಮಾತನ್ನು ಒಪ್ಪಿಕೊಂಡು ಬರೆಯಬೇಡಿ. ‘ದಿನವೂ ಪೂಜೆ ಮಾಡುವ ಧಾರ್ಮಿಕ ವಸ್ತು, 202.018’ ಎಂದು ಬರೆದು, ಅಳತೆ ಗುರುತು ಮಾಡಿದ ಸರ್ವೇ ಪ್ರತಿ ಲಗತ್ತಿಸಿ. ಅಂದ ಹಾಗೆ, ರಂಗೋಲಿ ನಿಮ್ಮ ಮನೆಯ ಕಾಲುದಾರಿಯಲ್ಲಿ ಇರಲಿ, ಫುಟ್‌ಪಾತ್ ಮೇಲೆ ಬೇಡ.

ಹಿಯರಿಂಗ್

ನಿಮ್ಮ ಕೋರಿಕೆ ತಲುಪಿದ 30 ದಿನದೊಳಗೆ ಹಿಯರಿಂಗ್ ಆಗಬೇಕು, ಕನಿಷ್ಠ 10 ದಿನ ಮೊದಲು ತಾರೀಕು ತಿಳಿಸಬೇಕು. ಅದೇ 10 ದಿನ ಮೊದಲು ಅವರು ಹಾಜರುಪಡಿಸಲಿರುವ ಫೋಟೊ, ಪತ್ರ, ಕಾಗದಗಳೆಲ್ಲ ಇರುವ ಕಟ್ಟು ನಿಮಗೆ ಕೊಡಬೇಕು. ಕೊಡದಿದ್ದರೆ 15 ದಿನ ಮುಂದೂಡಿಸಿಕೊಳ್ಳುವ ಹಕ್ಕು ತಾನಾಗಿ ನಿಮ್ಮದು. ಬೇರೆ ಕಾರಣಕ್ಕೆ ಯಾರು ಕೇಳಿದರೂ 10 ದಿನದವರೆಗೆ ಮುಂದೂಡಬಹುದು.

ಕಾಯುವ ದಿನಗಳೇ ಬೇಸರ. ಪೋರ್ಟಲ್ ತೆರೆದಾಗಲೆಲ್ಲ ಕೆಂಪು ಅಕ್ಷರದಲ್ಲಿ ‘ಓಪನ್’ ಎಂದು ಕಾಣುತ್ತದೆ, ಮನೆಗೆ ಬಂದವರ ಮುಂದೆ ಬೇಲಿ ತೋರಿಸುವುದಕ್ಕೂ ಮುಜುಗರ. ಹಿಯರಿಂಗ್ ಮಾತ್ರ ಅಂದುಕೊಂಡಷ್ಟು ಭಯಂಕರವಲ್ಲ. ಬೋರ್ಡ್‌ನವರು ಸಂಬಳವಿಲ್ಲದೆ ಕೆಲಸ ಮಾಡುವ ಅದೇ ಬೀದಿಗಳ ನಿವಾಸಿಗಳು. ಮೊದಲು ಸಂಘದ ಕಡೆಯವರು ತಮ್ಮ ಮಾತು ಹೇಳಬೇಕು, ಆಮೇಲೆ ನಿಮ್ಮ ಸರದಿ. ಆಡಿಯೋ ರೆಕಾರ್ಡ್ ಮಾಡಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಶುರುವಿನಲ್ಲೇ ಹೇಳಿ ಫೋನು ಮೇಜಿನ ಮೇಲಿಡಿ.

‘ಆ ಬೀದಿಯ ಕೊನೆಯ ಮನೆಯವರ ಬೇಲಿಯೂ ಹೀಗೇ ಇದೆ’ ಎಂಬ ವಾದದ ಮೇಲೆ ಹೆಚ್ಚು ಭರವಸೆ ಬೇಡ. ಸಂಘ ತನ್ನ ವಿವೇಚನೆ ಬಳಸಿದ್ದು ಸರಿ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಅದು ಮನಸೋಇಚ್ಛೆಯದು, ತಾರತಮ್ಯದ್ದು ಎಂದು ತೋರಿಸುವ ಹೊಣೆ ನಿಮ್ಮದು. ಹೇಳಲೇಬೇಕಿದ್ದರೆ ವಿಳಾಸ, ತಾರೀಕಿರುವ ಫೋಟೊ ಇರಲಿ. ಹಳೆಯ ವಿಷಯವಾದರೆ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಹಿಂದಿನ ವರ್ಷಗಳ ಚಿತ್ರ ಸಿಗುತ್ತದೆ. ಡೀಡ್ ರೆಸ್ಟ್ರಿಕ್ಷನ್ ಮೊಕದ್ದಮೆಗೆ ಕಾಲಮಿತಿ ನಾಲ್ಕು ವರ್ಷ, ಹಾಗಾಗಿ ಆ ಚಿತ್ರಗಳು ಕೆಲವೊಮ್ಮೆ ಚಿನ್ನ.

ನಮ್ಮದರಲ್ಲಿ ನೋಂದಾಯಿತ ತಿದ್ದುಪಡಿಯ ಪುಟ ತೋರಿಸಿದ ಮೇಲೆ ರಾಟ್ ಬೋರ್ಡ್ ಮಾತು ನಿಂತಿತು. ತೀರ್ಮಾನ ಪತ್ರದಲ್ಲಿ ಬಂತು: ಕ್ಯಾಪ್ ತೆಗೆಯಬೇಕು, ರಸ್ತೆಗೆ ಕಾಣುವ ಭಾಗಕ್ಕೆ ಪಟ್ಟಿಯಲ್ಲಿರುವ ಬಣ್ಣ ಹಚ್ಚಬೇಕು, ತುಳಸಿಕಟ್ಟೆ ಸರಿಸಿದ ಜಾಗದಲ್ಲಿ ಇರಬಹುದು, ದಂಡ ಇಲ್ಲ.

ಬಣ್ಣ ಹಚ್ಚುವವರಿಗೆ ಒಂದು ಮಾತು. ಒರಟು ಸೀಡರ್ ಬಣ್ಣ ಕುಡಿಯುತ್ತದೆ. ಡಬ್ಬದ ಮೇಲೆ ಏನೇ ಬರೆದಿರಲಿ, ಗ್ಯಾಲನ್‌ಗೆ 150 ಚದರಡಿ ಎಂದಿಟ್ಟುಕೊಳ್ಳಿ. ಮೂವತ್ತು ಅಡಿ ಉದ್ದದ ಬೇಲಿಯ ಒಂದು ಬದಿಗೆ ಎರಡು ಗ್ಯಾಲನ್ ಬೇಕು. ಮೊದಲು ನೀರಿನ ಹನಿ ಹಾಕಿ ನೋಡಿ. ಒಳಗೆ ಇಂಗಿದರೆ ಮರ ಸಿದ್ಧ, ಮೇಲೇ ಮುತ್ತಿನಂತೆ ನಿಂತರೆ ಇನ್ನೂ ಒಣಗಬೇಕು ಅಥವಾ ಹಳೆಯ ಲೇಪ ಇದೆ. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬಹುದು, ಗಾಢದಿಂದ ತಿಳಿಗೆ ಬರಲು ಸ್ಟ್ರಿಪ್ಪರ್ ಹಾಕಿ ಉಜ್ಜಬೇಕು, ಆ ಖರ್ಚು ಬಣ್ಣಕ್ಕಿಂತ ಹೆಚ್ಚು.

ಒಪ್ಪದೆ ಹೋದರೆ, ಮತ್ತು ಹಣದ ವಿಷಯ

ಹಿಯರಿಂಗ್ ನಂತರವೂ ಎರಡು ಕಡೆ ಪಟ್ಟು ಬಿಡದಿದ್ದರೆ ವಿಷಯ ವಕೀಲರ ಕೈಗೆ ಹೋಗುತ್ತದೆ. ಖರ್ಚು ಏರುವುದು ಆಗ. ಹಿಯರಿಂಗ್ ಮುಗಿಯುವ ಮೊದಲು ಆದ ವಕೀಲರ ಫೀಸನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ಹಿಯರಿಂಗ್ ಕೇಳುವುದರಲ್ಲಿ ಇದೂ ಒಂದು ಲಾಭ. ಕೋರ್ಟಿಗೆ ಹೋದರೆ ನ್ಯಾಯಾಧೀಶರು ಉಲ್ಲಂಘನೆಯ ಪ್ರತಿ ದಿನಕ್ಕೆ 200 ಡಾಲರ್‌ವರೆಗೆ ವಿಧಿಸಬಹುದು, ಗೆದ್ದ ಸಂಘದ ವಕೀಲರ ಫೀಸೂ ಸೇರುತ್ತದೆ. ಸಂಘವೇ 209ನೇ ಅಧ್ಯಾಯ ಮುರಿದಿದೆ ಎಂದಾದರೆ ನೀವು ಸಣ್ಣ ಪ್ರಕರಣಗಳನ್ನು ನೋಡುವ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿನಲ್ಲಿ ಕೇಸು ಹಾಕಬಹುದು.

‘ದಂಡ ಕಟ್ಟದಿದ್ದರೆ ಮನೆ ಹರಾಜು’ ಎಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತು ಪೂರ್ತಿ ನಿಜವಲ್ಲ. ಬಾಕಿ ಬರೀ ದಂಡದ್ದು ಮತ್ತು ಅದಕ್ಕೆ ಸಂಬಂಧಿಸಿದ ವಕೀಲರ ಫೀಸಿನದ್ದಾದರೆ ಅದಕ್ಕಾಗಿ ಮನೆ ಹರಾಜು ಹಾಕಿಸುವಂತಿಲ್ಲ. ವಾರ್ಷಿಕ ಶುಲ್ಕ ಬಾಕಿ ಇದ್ದರೆ ಕಥೆ ಬೇರೆ. ಹಾಗಾಗಿ ಸಿಟ್ಟಿನಲ್ಲಿ ಶುಲ್ಕ ತಡೆಹಿಡಿಯುವ ಕೆಲಸ ಮಾತ್ರ ಮಾಡಬೇಡಿ.

ಎಲ್ಲ ಸರಿಪಡಿಸಿದ ಮೇಲೆ ಫೋಟೊ ಕಳಿಸಿ, ಉಲ್ಲಂಘನೆ ಮುಗಿದಿದೆ ಎಂದು ಲಿಖಿತವಾಗಿ ಬರೆಸಿಕೊಳ್ಳಿ, ಪೋರ್ಟಲ್‌ನಲ್ಲಿ ‘ಕ್ಲೋಸ್ಡ್’ ಎಂದಾದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮ್ಯಾನೇಜ್‌ಮೆಂಟ್ ಕಂಪನಿ ಬದಲಾದಾಗ ಹಳೆಯ ಪೋರ್ಟಲ್ ಜೊತೆಗೆ ಹಳೆಯ ಒಪ್ಪಿಗೆ ಪತ್ರಗಳೂ ಕಾಣೆಯಾಗುತ್ತವೆ. ಮುಂದೆ ಮನೆ ಮಾರುವಾಗ ಸಂಘ ಕೊಡುವ ರೀಸೇಲ್ ಸರ್ಟಿಫಿಕೇಟ್‌ನಲ್ಲಿ ಬೋರ್ಡಿಗೆ ಗೊತ್ತಿರುವ ಉಲ್ಲಂಘನೆಗಳನ್ನೆಲ್ಲ ಬರೆಯಬೇಕು. ಅದಕ್ಕೆ ಸಂಘ ಪಡೆಯಬಹುದಾದ ಗರಿಷ್ಠ ಶುಲ್ಕ 375 ಡಾಲರ್. ಕ್ಲೋಸಿಂಗ್‌ಗೆ ವಾರ ಇರುವಾಗ ಮುಗಿದ ಬೇಲಿ ವಿಷಯ ಅದರಲ್ಲಿ ಮತ್ತೆ ಕಾಣಿಸಿದರೆ, ಕೊಳ್ಳುವವರ ಏಜೆಂಟ್ ಮುಂದಿಡಲು ಬೇಕಾಗುವುದು ಎಸಿಸಿ ಒಪ್ಪಿಗೆ ಪತ್ರ, ತೀರ್ಮಾನದ ಪತ್ರ ಮತ್ತು ಆ ಸ್ಕ್ರೀನ್‌ಶಾಟ್. ಮೂರನ್ನೂ ಸರ್ವೇ ಹಾಳೆ ಇರುವ ಕಡತದಲ್ಲೇ ಹಾಕಿಡಿ.